ಹೆಸರು ಬಾಯಿಗೆ ಬಾರದಿದ್ದರೆ ಮಂಡೆ ಹೋಯಿತೆಂದು ಅರ್ಥವೇ?

ಮಂಗಳೂರು, ಉಡುಪಿಯ ಮದುವೆ ಹಾಲ್‌ಗಳಲ್ಲಿ ಎಪ್ಪತ್ತು ದಾಟಿದವರ ಮಾತುಕತೆಯನ್ನು ಸ್ವಲ್ಪ ಗಮನಿಸಿ. “ಹೇಗಿದ್ದೀರಿ? ಮಗಳು ಈಗ ಎಲ್ಲಿದ್ದಾಳೆ? ಮೊದಲಿನ ಮನೆಯಲ್ಲೇ ಇದ್ದೀರಾ?” ಎಂದು ಕೇಳುತ್ತಾ ಹೋಗುತ್ತಾರೆ. ಎದುರಿಗಿರುವವರ ಹೆಸರನ್ನು ಮಾತ್ರ ಹೇಳುವುದಿಲ್ಲ. ಮುಖ ಗೊತ್ತು, ಮನೆ ಗೊತ್ತು, ಅವರ ಅಣ್ಣ ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದದ್ದೂ ಗೊತ್ತು. ಹೆಸರು ಬಾಯಿಗೆ ಬರುತ್ತಿಲ್ಲ, ಅಷ್ಟೇ. ಉತ್ತರದಲ್ಲಿ ಎಲ್ಲಾದರೂ ಒಂದು ಸುಳಿವು ಸಿಕ್ಕೀತೇ ಎಂದು ಕಾಯುತ್ತಿರುತ್ತಾರೆ. ರಾತ್ರಿ ಮಲಗುವ ಹೊತ್ತಿಗೆ ಆ ಹೆಸರು ತಾನಾಗಿ ನೆನಪಾಗುತ್ತದೆ. ಅದರ ಹಿಂದೆಯೇ ಹೆದರಿಕೆಯೂ ಬರುತ್ತದೆ: ನನಗೂ ಆ ಕಾಯಿಲೆ ಶುರುವಾಯಿತಾ?

ಡಿಮೆನ್ಶಿಯಾ, ಆಲ್‌ಝೈಮರ್ಸ್ ಎಂಬ ಮಾತುಗಳು ಈಗ ಮನೆಮನೆಗೆ ಗೊತ್ತು. ತಿಳಿವಳಿಕೆ ಹೆಚ್ಚಿದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ, ಅರವತ್ತು ದಾಟಿದವರು ಕನ್ನಡಕ ಎಲ್ಲಿಟ್ಟೆ ಎಂದು ಹುಡುಕಿದರೂ ಮನೆಯವರ ಹುಬ್ಬು ಏರುವಂತಾಗಿದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ಸಣ್ಣ ಸಂಖ್ಯೆಯೇನಲ್ಲ. ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ನೂರರಲ್ಲಿ 92ಕ್ಕಿಂತ ಹೆಚ್ಚು ಹಿರಿಯರಿಗೆ ಡಿಮೆನ್ಶಿಯಾ ಇಲ್ಲ. ಮರೆವು ಮಾತ್ರ ಅವರಲ್ಲೂ ಇದೆ. ಅವರ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ.

ಈ ಲೇಖನ ಅವರ ಬಗ್ಗೆ. ನಾನು ಹೇಳಹೊರಟಿದ್ದು ಇಷ್ಟು: ಇಂಥವರ ಮರೆವಿಗೆ ವಯಸ್ಸಾದ ಮೆದುಳು ಒಂದೇ ಕಾರಣ ಎಂದು ಕೈಕಟ್ಟಿ ಕೂರುವ ಹಾಗಿಲ್ಲ. ದೊಡ್ಡ ಪಾಲು ಅವರ ಸುತ್ತ ಇದೆ. ಕೇಳಿಸದ ಕಿವಿಯಲ್ಲಿ ಇದೆ, ಮಾತ್ರೆಯ ಡಬ್ಬಿಯಲ್ಲಿ ಇದೆ, ಬ್ಯಾಂಕಿನ ಪಿನ್‌ನಲ್ಲಿ ಇದೆ, ಒಂಟಿತನದಲ್ಲಿ ಇದೆ, ಮಕ್ಕಳು ಮಾತಾಡುವ ಧಾಟಿಯಲ್ಲಿ ಇದೆ. ಇವುಗಳಲ್ಲಿ ಹೆಚ್ಚಿನವನ್ನು ಸರಿಮಾಡಬಹುದು.

ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ

ನೆನಪು ಎಂಬುದು ಒಂದೇ ಸಾಮರ್ಥ್ಯವಲ್ಲ. ಅದರಲ್ಲಿ ಹಲವು ಬಗೆ ಇವೆ, ಎಲ್ಲಕ್ಕೂ ಒಂದೇ ವೇಗದಲ್ಲಿ ವಯಸ್ಸಾಗುವುದಿಲ್ಲ. ಮೊದಲು ತೊಂದರೆ ಕೊಡುವುದು ಹೆಸರುಗಳು. ಒಬ್ಬರು ಬಡಗಿ ಎಂದು ಹೇಳಿದರೆ ಉಳಿ, ಮರ, ಕೆಲಸದ ಜಾಗ ಎಲ್ಲ ಮನಸ್ಸಿಗೆ ಬರುತ್ತವೆ. ಅವರ ಹೆಸರು ಸುರೇಶ ಎಂದರೆ ಏನೂ ಬರುವುದಿಲ್ಲ. ಹೆಸರಿಗೆ ಆ ಮನುಷ್ಯನ ಜೊತೆ ಇರುವ ಸಂಬಂಧ ತುಂಬ ತೆಳು. ನಮ್ಮ ಕಡೆ ಸಾಲು ಸಾಲು ಶೆಟ್ರು, ರೈಗಳು, ಭಟ್ರು, ಪೈಗಳು, ಡಿಸೋಜರು ಬೇರೆ! ಕರಾವಳಿಯ ಹಳಬರು ಮನೆ ಹೆಸರು ಹಿಡಿದು, “ಮೂಡುಮನೆಯವರ ಎರಡನೆಯ ಮಗ” ಎಂದು ಗುರುತು ಹೇಳುತ್ತಾರಲ್ಲ, ಅದು ಬಹಳ ಒಳ್ಳೆಯ ಅಭ್ಯಾಸ. ನೆನಪು ಹಿಡಿದುಕೊಳ್ಳುವುದು ಇಂಥ ಸಂಬಂಧಗಳನ್ನೇ.

ಎರಡನೆಯದು ವೇಗ. ಎಪ್ಪತ್ತರ ಮೆದುಳು ಅದೇ ಕೆಲಸವನ್ನು ಸ್ವಲ್ಪ ನಿಧಾನ ಮಾಡುತ್ತದೆ. ಪ್ರಶ್ನೆ ಕೇಳಿದ ಕೂಡಲೇ ಉತ್ತರ ಬೇಕೆಂದರೆ ಬರುವುದಿಲ್ಲ, ಅರ್ಧ ನಿಮಿಷ ಕೊಟ್ಟರೆ ಬರುತ್ತದೆ. ಮೂರನೆಯದು ಗಮನ. ಟಿವಿ ಹಾಕಿದೆ, ಕುಕ್ಕರ್ ಕೂಗುತ್ತಿದೆ, ಮೊಮ್ಮಗ ಏನೋ ಕೇಳುತ್ತಿದ್ದಾನೆ. ಆ ಹೊತ್ತಿನಲ್ಲಿ ಕೀ ಎಲ್ಲಿಟ್ಟೆ ಎಂಬುದು ಮನಸ್ಸಿನಲ್ಲಿ ಕೂರುವುದೇ ಇಲ್ಲ. ಕೂರದೇ ಇದ್ದದ್ದು ಆಮೇಲೆ ನೆನಪಾಗುವುದಾದರೂ ಹೇಗೆ? ಬೆಳಿಗ್ಗೆಯ ಬಿಪಿ ಮಾತ್ರೆ ತೆಗೆದುಕೊಂಡೆನಾ ಇಲ್ವಾ ಎಂಬ ಗೊಂದಲವೂ ಇದೇ ಜಾತಿಯದು. ದಿನಾ ಒಂದೇ ರೀತಿ ಮಾಡುವ ಕೆಲಸಕ್ಕೆ ಬೇರೆ ಬೇರೆ ಗುರುತು ಉಳಿಯುವುದಿಲ್ಲ. ಬಾಗಿಲಿಗೆ ಬೀಗ ಹಾಕಿದೆನಾ ಎಂದು ಮೂವತ್ತರ ಹರೆಯದವರೂ ಅರ್ಧ ದಾರಿಯಿಂದ ವಾಪಸ್ ಬರುತ್ತಾರೆ, ಅಲ್ವಾ?

ಅಡುಗೆಕೋಣೆಗೆ ಹೋಗಿ “ಯಾಕೆ ಬಂದೆ ನಾನು?” ಎಂದು ನಿಲ್ಲುವುದಂತೂ ಹಿರಿಯರು ಅತ್ಯಂತ ನಾಚಿಕೆಯಿಂದ ಹೇಳಿಕೊಳ್ಳುವ ವಿಷಯ. ಅಮೆರಿಕದ ನೊಟ್ರೆ ಡೇಮ್ ವಿಶ್ವವಿದ್ಯಾಲಯದ ಗೇಬ್ರಿಯೆಲ್ ರಾಡ್ವಾನ್‌ಸ್ಕಿ ಮತ್ತು ಜೊತೆಗಾರರು 2011ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಒಂದೇ ಕೋಣೆಯೊಳಗೆ ಅಷ್ಟೇ ದೂರ ನಡೆದವರಿಗಿಂತ ಬಾಗಿಲು ದಾಟಿದವರು ಹೆಚ್ಚು ಮರೆತರು. ಆ ಪರೀಕ್ಷೆಯಲ್ಲಿ ಭಾಗವಹಿಸಿದವರು ಕಾಲೇಜು ವಿದ್ಯಾರ್ಥಿಗಳು!

ಇನ್ನು ಉಳಿಯುವುದರ ಕಡೆ ನೋಡೋಣ. ಪದಸಂಪತ್ತು ಉಳಿಯುತ್ತದೆ, ಅರವತ್ತರ ನಂತರವೂ ಬೆಳೆಯಬಹುದು. ಲೋಕದ ತಿಳಿವಳಿಕೆ ಉಳಿಯುತ್ತದೆ. ನೋಡಿ ಗುರುತು ಹಿಡಿಯುವ ಶಕ್ತಿ, ನೋಡದೆ ಹೇಳುವ ಶಕ್ತಿಗಿಂತ ಗಟ್ಟಿ. ಹಾಗಾಗಿಯೇ ಹೆಸರು ಹೇಳಲಾಗದವರು, ನಾಲ್ಕು ಹೆಸರು ಮುಂದಿಟ್ಟರೆ ಥಟ್ಟನೆ ಸರಿಯಾದದ್ದನ್ನು ತೋರಿಸುತ್ತಾರೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಕೈಯ ನೆನಪು. ಶಂಕರಪುರದ ಕಡೆ ಮಲ್ಲಿಗೆ ಕಟ್ಟುವ ಅಜ್ಜಿ ಮಾತಾಡುತ್ತಲೇ ಚೆಂಡು ಮುಗಿಸುತ್ತಾರೆ. ಅವರಿಗೆ ನಿನ್ನೆ ಮಧ್ಯಾಹ್ನ ಏನು ಸಾಂಬಾರು ಎಂಬುದು ಮರೆತಿರಬಹುದು. ಬೆರಳುಗಳಿಗೆ ಏನೂ ಮರೆತಿಲ್ಲ. ಯಕ್ಷಗಾನದ ಹಿರಿಯ ಭಾಗವತರು ನೂರಾರು ಪದ್ಯಗಳನ್ನು ಪುಸ್ತಕ ನೋಡದೆ ಹಾಡುವುದನ್ನು ನಾವು ನೋಡಿದ್ದೇವೆ. ಅವರೇ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಚಾರ್ಜರ್ ಎಲ್ಲಿಟ್ಟೆ ಎಂದು ಹುಡುಕಬಹುದು. ಎರಡೂ ಒಂದೇ ತಲೆಯಲ್ಲಿ ಆರಾಮವಾಗಿ ಇರುತ್ತವೆ.

1962ರಲ್ಲಿ ಕೆನಡಾದ ಮನೋವೈದ್ಯ ವಿ. ಎ. ಕ್ರಾಲ್ ಒಂದು ಉಪಯುಕ್ತ ಗೆರೆ ಎಳೆದರು. ತೊಂದರೆಯಿಲ್ಲದ ಮರೆವಿನಲ್ಲಿ ಘಟನೆ ನೆನಪಿರುತ್ತದೆ, ಅದರೊಳಗಿನ ಹೆಸರು, ತಾರೀಕು, ಜಾಗ ಜಾರುತ್ತದೆ. ಇನ್ನೊಂದು ಹೊತ್ತಿಗೆ ಅದೇ ವಿವರ ನೆನಪಾಗುತ್ತದೆ. ಅಪಾಯದ ಮರೆವಿನಲ್ಲಿ ಘಟನೆಯೇ ಅಳಿಸಿಹೋಗುತ್ತದೆ. ಅರುವತ್ತು ವರ್ಷಗಳ ನಂತರ ಪರೀಕ್ಷೆಗಳು ಎಷ್ಟೋ ಮುಂದುವರಿದಿವೆ. ಆದರೂ ಮನೆಯಲ್ಲಿ ಕುಳಿತು ಯೋಚಿಸುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಶ್ನೆ ನನಗೆ ಸಿಕ್ಕಿಲ್ಲ. ಮದುವೆಯಲ್ಲಿ ಸಿಕ್ಕವರ ಹೆಸರು ಮರೆತದ್ದೋ, ಅಥವಾ ಮದುವೆಗೆ ಹೋದದ್ದೇ ಮರೆತದ್ದೋ?

ನಾಲ್ಕು ಭಾಷೆಯ ಊರು

ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ. ಶಾಲೆಯಲ್ಲಿ ಕನ್ನಡ. ಆಫೀಸಿನಲ್ಲಿ ಇಂಗ್ಲಿಷ್. ಮುಂಬೈಯಲ್ಲಿ ದುಡಿದು ಬಂದವರಿಗೆ ಹಿಂದಿ, ಮರಾಠಿ. ಕಾಸರಗೋಡಿನ ನಂಟಿದ್ದರೆ ಮಲಯಾಳ. ಇಂಥವರು ಮಾತಿನ ನಡುವೆ ಒಂದು ಪದಕ್ಕಾಗಿ ತಡವರಿಸಿದರೆ ಅದನ್ನು ಮರೆವಿನ ಖಾತೆಗೆ ಬರೆಯುವ ಮೊದಲು ಸ್ವಲ್ಪ ನಿಲ್ಲಬೇಕು. ಹೆಚ್ಚು ಭಾಷೆ ಬಲ್ಲವರಿಗೆ ‘ನಾಲಿಗೆ ತುದಿಯಲ್ಲಿದೆ, ಬಾಯಿಗೆ ಬರುತ್ತಿಲ್ಲ’ ಎಂಬ ಅನುಭವ ಒಂದೇ ಭಾಷೆಯವರಿಗಿಂತ ಹೆಚ್ಚು ಎಂದು ಸಂಶೋಧನೆಗಳು ತೋರಿಸಿವೆ. ಚಿಕ್ಕವರಲ್ಲೂ ಹಾಗೆಯೇ. ಒಂದೊಂದು ಭಾಷೆಯನ್ನು ಬಳಸುವ ಹೊತ್ತು ಹಂಚಿಹೋಗುವುದರಿಂದ ಪ್ರತಿ ಪದವೂ ಸ್ವಲ್ಪ ಕಡಿಮೆ ಬಳಕೆಯಾಗುತ್ತದೆ.

ಇದರ ಇನ್ನೊಂದು ಮುಖ ಸಂತೋಷ ಕೊಡುವಂಥದ್ದು. ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡ ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಮಾತಾಡುತ್ತಿದ್ದವರಲ್ಲಿ ರೋಗ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಕಂಡಿತು. ಬೇರೆ ಕಡೆಯ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ ಎಂಬುದನ್ನೂ ಹೇಳಬೇಕು. ಆದರೂ ತುಳುವಿನಲ್ಲಿ ಶುರುಮಾಡಿ, ಕನ್ನಡದಲ್ಲಿ ಮುಂದುವರಿಸಿ, ಪದ ಸಿಗದೆ ಕೊಂಕಣಿಗೆ ದಾಟುವ ಅಜ್ಜಿಯನ್ನು ನೋಡಿ ಮನೆಯವರು ಗಾಬರಿಯಾಗಬೇಕಾಗಿಲ್ಲ.

ನೆನಪಿಡಬೇಕಾದದ್ದೇ ಬದಲಾಗಿದೆ

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಎಲ್ಲರೂ ಮರೆತಿರುವ ಮಾತು ಇದು. ಈಗಿನ ಹಿರಿಯರಿಂದ ನಾವು ಕೇಳುತ್ತಿರುವ ನೆನಪು, ಅವರ ಅಪ್ಪ ಅಮ್ಮನಿಂದ ಯಾರೂ ಕೇಳದೇ ಇದ್ದ ನೆನಪು.

ಬ್ಯಾಂಕನ್ನೇ ತೆಗೆದುಕೊಳ್ಳಿ. ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಗಳು ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿಗೆ ಬಂದು ಪುಡಿಗಾಸು ತೆಗೆದುಕೊಂಡು ಹೋಗುತ್ತಿದ್ದರು. ಏನನ್ನೂ ನೆನಪಿಡಬೇಕಾಗಿರಲಿಲ್ಲ. ಬ್ಯಾಂಕೇ ಮನುಷ್ಯರನ್ನು ನೆನಪಿಟ್ಟುಕೊಂಡು ಬರುತ್ತಿತ್ತು. ಶಾಖೆಯ ಗುಮಾಸ್ತರಿಗೆ ಮನೆಯವರೆಲ್ಲರ ಪರಿಚಯ ಇರುತ್ತಿತ್ತು.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟು ಕೆನರಾದೊಳಗೆ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನೊಳಗೆ ಹೋದವು. ಬೋರ್ಡು, ಪಾಸ್‌ಬುಕ್ಕು, ಐಎಫ್‌ಎಸ್‌ಸಿ ಕೋಡು, ಆ್ಯಪ್ ಎಲ್ಲ ಬದಲಾದವು. ಇದರ ಮೇಲೆ ಎಟಿಎಂ ಪಿನ್, ಯುಪಿಐ ಪಿನ್, ಫೋನ್ ಲಾಕ್, ಓಟಿಪಿ. ಓಟಿಪಿಯನ್ನು ಒಂದು ಪರದೆಯಲ್ಲಿ ಓದಿ ಇನ್ನೊಂದು ಪರದೆಗೆ ಹೋಗುವವರೆಗೆ ಆರು ಅಂಕಿ ತಲೆಯಲ್ಲಿ ಹಿಡಿದಿಡಬೇಕು, ಅದೂ ಸಮಯ ಮುಗಿಯುವುದರೊಳಗೆ. ಅರ್ಥವಿಲ್ಲದ ಅಂಕಿ, ಅವಸರ, ಎರಡು ಕಡೆ ಗಮನ. ವಯಸ್ಸಾದ ಮೆದುಳಿಗೆ ಯಾವುದು ಅತಿ ಕಷ್ಟವೋ ಅವನ್ನೇ ಹೆಕ್ಕಿ ಒಟ್ಟಿಗೆ ಇಟ್ಟ ಹಾಗಿದೆ ಇದು. ಜೊತೆಗೆ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಬೇಕು. 2021ರಿಂದ ಫೋನಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಅದು ನಡೆದಾಡಲು ಆಗದವರಿಗೆ ನಿಜಕ್ಕೂ ಉಪಕಾರ, ಆದರೆ ಮತ್ತೊಂದು ಆ್ಯಪು, ಮತ್ತೊಂದು ಓಟಿಪಿ.

ಇಷ್ಟನ್ನೂ ನೆನಪಿಡಲಾಗದೆ ಕೌಂಟರಿನ ಮುಂದೆ ನಿಂತು ಬೆವರುವ ನಿವೃತ್ತ ಮಾಸ್ಟ್ರು ‘ನನ್ನ ಮಂಡೆ ಹೋಯಿತು’ ಎಂದು ಮನೆಗೆ ಬರುತ್ತಾರೆ. ಕೆಟ್ಟಿರುವುದು ವ್ಯವಸ್ಥೆ. ಅದನ್ನು ಬೇರೆ ರೀತಿಯಲ್ಲಿ ಕಟ್ಟಲು ಸಾಧ್ಯವಿತ್ತು. ಈಗಲೂ ಸಾಧ್ಯವಿದೆ. ಹಿರಿಯರ ಕೌಂಟರಿನಲ್ಲಿ ಅವಸರ ಮಾಡದ ಒಬ್ಬ ಮನುಷ್ಯ ಇದ್ದರೂ ಎಷ್ಟೋ ಜನರ ಆತ್ಮವಿಶ್ವಾಸ ಉಳಿಯುತ್ತದೆ.

ಕಿವಿ, ಮಾತ್ರೆ, ಸೋಡಿಯಂ

ಕಿವಿ ಸರಿಯಾಗಿ ಕೇಳದವರನ್ನು ಮನೆಯವರು ಮರೆವಿನವರು ಎಂದುಕೊಳ್ಳುವುದು ತೀರಾ ಸಾಮಾನ್ಯ. “ಬೆಳಿಗ್ಗೆಯೇ ಹೇಳಿದ್ದೆ” ಎನ್ನುತ್ತಾಳೆ ಮಗಳು. ಅಪ್ಪನಿಗೆ ಬೆಳಿಗ್ಗೆ ಅರ್ಧ ಮಾತ್ರ ಕೇಳಿತ್ತು. ಆ ಅರ್ಧವನ್ನು ಅರ್ಥಮಾಡಿಕೊಳ್ಳುವುದಕ್ಕೇ ಮೆದುಳಿನ ಗಮನವೆಲ್ಲ ಖರ್ಚಾಯಿತು, ನೆನಪಿಡಲು ಉಳಿಯಲಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಶಿಯಾಕ್ಕೆ ಕಾರಣವಾಗಬಲ್ಲ, ಆದರೆ ತಡೆಯಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಕಿವುಡುತನ ಅವುಗಳಲ್ಲಿ ಮುಖ್ಯವಾದದ್ದು. ಕಣ್ಣಿನ ದೋಷಕ್ಕೆ ಚಿಕಿತ್ಸೆ ಪಡೆಯದಿರುವುದೂ ಪಟ್ಟಿಯಲ್ಲಿದೆ. ಹಿಯರಿಂಗ್ ಏಡ್‌ನಿಂದ ನೆನಪು ಉಳಿಯುತ್ತದೆಯೇ ಎಂದು ನೋಡಿದ ಅಮೆರಿಕದ ದೊಡ್ಡ ಪ್ರಯೋಗವೊಂದು 2023ರಲ್ಲಿ ಬಂತು. ಒಟ್ಟಾರೆ ಗುಂಪಿನಲ್ಲಿ ಲಾಭ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದವರಲ್ಲಿ ಮೂರು ವರ್ಷಗಳಲ್ಲಿ ಮೆದುಳಿನ ಶಕ್ತಿ ಕುಂದುವ ವೇಗ ಶೇ. 48ರಷ್ಟು ಕಡಿಮೆಯಾಯಿತು. ಕನ್ನಡಕ ಹಾಕಲು ನಾಚದವರು ಹಿಯರಿಂಗ್ ಏಡ್‌ಗೆ ಮಾತ್ರ ಯಾಕೆ ಅಷ್ಟು ನಾಚುತ್ತಾರೋ ನನಗೆ ಅರ್ಥವಾಗುವುದಿಲ್ಲ. ಆ ನಾಚಿಕೆಗೆ ಅವರು ತೆರುವ ಬೆಲೆ ದೊಡ್ಡದು.

ಮಾತ್ರೆಗಳ ವಿಷಯ ಇನ್ನೂ ಮುಖ್ಯ. ನೆನಪಿನ ಕೆಲಸಕ್ಕೆ ಮೆದುಳು ಬಳಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಕೆಲವು ಔಷಧಿಗಳು ತಡೆಯುತ್ತವೆ. ಶೀತಕ್ಕೆ, ತುರಿಕೆಗೆ ಕೊಡುವ ಕ್ಲೋರ್‌ಫೆನಿರಮೈನ್‌ನಂಥ ಹಳೆಯ ಮಾತ್ರೆಗಳು, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನರನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್ ಈ ಸಾಲಿನವು. ನಿದ್ದೆಗೆ, ಗಾಬರಿಗೆ ಕೊಡುವ ಅಲ್‌ಪ್ರಜೋಲಾಮ್, ಕ್ಲೊನಜೆಪಾಮ್ ಬೇರೆ ದಾರಿಯಲ್ಲಿ ಅದೇ ತೊಂದರೆ ಮಾಡುತ್ತವೆ. ಹೊಸ ನೆನಪು ಕೂರುವುದನ್ನೇ ತಡೆಯುತ್ತವೆ, ನಡೆಯುವಾಗ ಬೀಳುವ ಅಪಾಯವನ್ನೂ ಹೆಚ್ಚಿಸುತ್ತವೆ. ಹಿರಿಯರಿಗೆ ಇವನ್ನು ಆದಷ್ಟು ಕೊಡಬೇಡಿ ಎಂದು ವೈದ್ಯರಿಗೇ ಎಚ್ಚರಿಸುವ ‘ಬಿಯರ್ಸ್ ಪಟ್ಟಿ’ ಅಮೆರಿಕದಲ್ಲಿ 1991ರಿಂದ ಇದೆ. ನಮ್ಮಲ್ಲಿ ಏನಾಗುತ್ತದೆ? ಗಂಡ ತೀರಿಕೊಂಡಾಗ ಹತ್ತು ದಿನಕ್ಕೆಂದು ಬರೆದ ನಿದ್ದೆಮಾತ್ರೆ ವರ್ಷಗಟ್ಟಲೆ ಮುಂದುವರಿಯುತ್ತದೆ. ಹಳೇ ಚೀಟಿ ತೋರಿಸಿದರೆ ಮೆಡಿಕಲ್‌ನಲ್ಲಿ ಕೊಡುತ್ತಾರೆ. ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಒಂದು ಎಚ್ಚರಿಕೆ: ಇದನ್ನು ಓದಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಬೇಡಿ. ದೀರ್ಘಕಾಲ ತೆಗೆದುಕೊಂಡ ನಿದ್ದೆಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಹತ್ತಿರ ಹೋಗಿ ನಿಧಾನವಾಗಿ ಕಡಿಮೆ ಮಾಡಬೇಕು.

“ಸೋಡಿಯಂ ಕಮ್ಮಿಯಾಗಿ ಅಡ್ಮಿಟ್ ಮಾಡಿದ್ದಾರೆ” ಎಂಬ ಮಾತು ನಮ್ಮ ಊರಿನಲ್ಲಿ ಎಷ್ಟು ಸಲ ಕೇಳಿಲ್ಲ! ಬಿಪಿಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಅಂಶ ಸೇರಿರುತ್ತದೆ. ಜೊತೆಗೆ ಉಪ್ಪು ತೀರಾ ಬಿಟ್ಟಿರುತ್ತಾರೆ, ವಾಂತಿ ಭೇದಿಯೂ ಆದರೆ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಆಗ ಮಂಕು, ಗೊಂದಲ, ಮರೆವು ಎಲ್ಲ ಬರುತ್ತವೆ. ಮನೆಯವರು ‘ಅರುವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಿದ್ದರೆ ಅನಾಹುತ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ ಇದು.

ವಿಟಮಿನ್ ಬಿ12 ಕೂಡ ಹಾಗೆಯೇ. ಸಸ್ಯಾಹಾರಿಗಳಲ್ಲಿ ಕೊರತೆ ಸಾಮಾನ್ಯ ಎಂದು ಎಲ್ಲರಿಗೂ ಗೊತ್ತು. ಆದರೆ ದಿನಾ ಬೂತಾಯಿ, ಬಂಗುಡೆ ತಿನ್ನುವವರೂ ಸುರಕ್ಷಿತರಲ್ಲ. ವಯಸ್ಸಾದಂತೆ ಹೊಟ್ಟೆ ಅದನ್ನು ಹೀರುವುದು ಕಡಿಮೆಯಾಗುತ್ತದೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮತ್ತು ಗ್ಯಾಸ್ಟ್ರಿಕ್ ಎಂದು ವರ್ಷಾನುಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳು ಅದನ್ನು ಇನ್ನೂ ಇಳಿಸುತ್ತವೆ. ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ. ರಾತ್ರಿ ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತು, ಹಗಲು ತೂಕಡಿಸುವವರಿಗೆ ನಿದ್ದೆಯ ತೊಂದರೆಯೇ ಮರೆವಿನ ಮೂಲವಾಗಿರಬಹುದು. ಇವೆಲ್ಲಕ್ಕೂ ಚಿಕಿತ್ಸೆ ಇದೆ.

ಮನೆ ಪರೀಕ್ಷೆಯ ಹಾಲ್ ಆದಾಗ

ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ, ದೊಡ್ಡ ಮನೆಯಲ್ಲಿ ಅಮ್ಮ ಒಬ್ಬರೇ. ಇಲ್ಲಿ ಇದು ಬೀದಿಗೊಂದರಂತೆ ಸಿಗುವ ಕತೆ. ಮಾತಾಡುವವರಿಲ್ಲದ ದಿನಗಳು ಒಂದೇ ತರ ಇರುತ್ತವೆ. ಒಂದೇ ತರದ ದಿನಗಳನ್ನು ಬೇರೆ ಬೇರೆಯಾಗಿ ನೆನಪಿಡುವುದು ಯಾರಿಗೂ ಕಷ್ಟ. ಅದರ ಮೇಲೆ ದುಃಖ. ಹಿರಿಯರ ಖಿನ್ನತೆ ಅಳುವಾಗಿ ಕಾಣುವುದಕ್ಕಿಂತ ಮರೆವಾಗಿ, ಸುಸ್ತಾಗಿ, ಯಾವುದರಲ್ಲೂ ಆಸಕ್ತಿಯಿಲ್ಲದಿರುವಿಕೆಯಾಗಿ ಕಾಣುವುದು ಹೆಚ್ಚು. ಚಿಕಿತ್ಸೆ ಸಿಕ್ಕಿದರೆ ನೆನಪೂ ಸುಧಾರಿಸುತ್ತದೆ.

ಇನ್ನು ವಿಡಿಯೊ ಕಾಲ್. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕೇಳುವುದು ಹೀಗೆ: “ಅಮ್ಮ, ನಿನ್ನೆ ಯಾರು ಬಂದಿದ್ದರು ಹೇಳು ನೋಡೋಣ? ಮೊನ್ನೆಯೇ ಹೇಳಿದ್ದೆ ಅಲ್ವಾ, ನೆನಪಿಲ್ವಾ?” ಅಮ್ಮನಿಗೆ ಗಾಬರಿಯಾಗುತ್ತದೆ. ಗಾಬರಿಯಾದಾಗ ಗೊತ್ತಿದ್ದದ್ದೂ ಬಾಯಿಗೆ ಬರುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ದಶಕಗಳಿಂದ ಈ ವಿಷಯದಲ್ಲೇ ಕೆಲಸ ಮಾಡಿದ್ದಾರೆ. ವಯಸ್ಸಾದರೆ ಬುದ್ಧಿ ಮಂಕಾಗುತ್ತದೆ ಎಂಬ ಭಾವನೆಯನ್ನು ಹಿರಿಯರ ಮನಸ್ಸಿನಲ್ಲಿ ಎಬ್ಬಿಸಿದರೆ ಸಾಕು, ಅವರು ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎಂದು 1996ರಷ್ಟು ಹಿಂದೆಯೇ ತೋರಿಸಿದರು. ನಾವು ಪ್ರೀತಿಯ ಹೆಸರಿನಲ್ಲಿ ದಿನಾ ಅದನ್ನೇ ಮಾಡುತ್ತಿದ್ದೇವೆ. “ಮೊನ್ನೆ ಸುಮತಿ ಅತ್ತೆ ಬರುತ್ತೇನೆ ಎಂದಿದ್ದರಲ್ಲ, ಬಂದರಾ?” ಎಂದು ಸುಳಿವು ಸೇರಿಸಿ ಕೇಳಿದರೆ ಅದೇ ಅಮ್ಮ ಅರ್ಧ ಗಂಟೆ ಮಾತಾಡುತ್ತಾರೆ.

ಇದರ ಮುಂದಿನ ಹಂತ ಕೆಲಸ ಕಿತ್ತುಕೊಳ್ಳುವುದು. ಒಮ್ಮೆ ಹಾಲು ಉಕ್ಕಿತೆಂದು ಅಡುಗೆಮನೆ ಬಿಡಿಸುತ್ತಾರೆ. ಒಮ್ಮೆ ಚಿಲ್ಲರೆ ಲೆಕ್ಕ ತಪ್ಪಿತೆಂದು ಸೆಂಟ್ರಲ್ ಮಾರ್ಕೆಟ್ಟಿಗೆ ಹೋಗುವುದು ನಿಲ್ಲುತ್ತದೆ. ಹೆಸರು ಮರೆತು ನಾಚಿಕೆಯಾಯಿತೆಂದು ಅವರೇ ಮದುವೆ, ಕೋಲ, ಚರ್ಚಿನ ಕೂಟಗಳಿಗೆ ಹೋಗುವುದನ್ನು ಬಿಡುತ್ತಾರೆ. ಹೀಗೆ ಒಂದೊಂದೇ ಬಿಟ್ಟ ಮೇಲೆ ಮೆದುಳಿಗೆ ಮಾಡಲು ಏನೂ ಉಳಿಯುವುದಿಲ್ಲ. ಸಾಮಾನ್ಯ ಮರೆವು ಒಬ್ಬರ ಬದುಕಿನಿಂದ ಕಸಿಯುವುದು ಸ್ವಲ್ಪ. ಅದರ ಭಯ ಕಸಿಯುವುದು ಬಹಳ. ಹಾಲು ಉಕ್ಕಿದರೆ ಟೈಮರ್ ಇಡಿ. ಮಾತ್ರೆ ಮರೆತರೆ ವಾರದ ಖಾನೆಗಳಿರುವ ಡಬ್ಬಿ ತನ್ನಿ. ಕೀಗೆ ಒಂದು ಮೊಳೆ ಗೊತ್ತುಮಾಡಿ. ಬಾಗಿಲು ಹಾಕುವಾಗ “ಬೀಗ ಹಾಕಿದೆ” ಎಂದು ಬಾಯಿಬಿಟ್ಟು ಹೇಳಿಕೊಂಡರೆ ಆ ಕ್ಷಣಕ್ಕೊಂದು ಗುರುತು ಸಿಗುತ್ತದೆ. ಕೆಲಸ ಅವರ ಕೈಯಲ್ಲೇ ಇರಲಿ.

ಮಂಗಳೂರಿನ ಕದ್ರಿ ಪಾರ್ಕಿನಲ್ಲೋ ಮಣಿಪಾಲದ ಮಣ್ಣಪಳ್ಳ ಕೆರೆಯ ದಂಡೆಯಲ್ಲೋ ನಡೆಯುವವರಿಗೆ ಒಂದು ಒಳ್ಳೆಯ ಸುದ್ದಿ ಇದೆ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿದರು. ವಾರಕ್ಕೆ ಮೂರು ದಿನ ಚುರುಕಾಗಿ ನಡೆದ ಗುಂಪಿನವರಲ್ಲಿ, ಹೊಸ ನೆನಪುಗಳಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಒಂದು ವರ್ಷದಲ್ಲಿ ಸುಮಾರು ಶೇ. 2ರಷ್ಟು ಬೆಳೆಯಿತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದ ಗುಂಪಿನಲ್ಲಿ ಅದು ಕುಗ್ಗಿತು. ಸಣ್ಣ ಪ್ರಯೋಗ, ಪವಾಡ ಎಂದು ಹೇಳಲಾಗದು. ಆದರೆ ಬಿಪಿಗೆ, ಶುಗರ್‌ಗೆ, ನಿದ್ದೆಗೆ, ಜೊತೆಗೆ ನಡೆಯುವವರ ಸಹವಾಸಕ್ಕೆ ಹೇಗೂ ಒಳ್ಳೆಯದು.

ಯಾವಾಗ ತೋರಿಸಬೇಕು, ಹೇಗೆ ತೋರಿಸಬೇಕು

ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವುದೂ ತಪ್ಪು. ಹತ್ತು ನಿಮಿಷದೊಳಗೆ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ನಲವತ್ತು ವರ್ಷ ನಡೆದ ದಾರಿಯಲ್ಲೇ ತಪ್ಪಿಸಿಕೊಳ್ಳುವುದು, ಕೈಗೆ ಬಂದ ಅಡುಗೆಯ ಕ್ರಮವೇ ತಪ್ಪುವುದು, ಹಣದ ವ್ಯವಹಾರ ಮೊದಲಿನಂತೆ ಆಗದಿರುವುದು, ಸ್ವಭಾವವೇ ಬದಲಾಗುವುದು, ಇವಕ್ಕೆ ವೈದ್ಯರನ್ನು ನೋಡಲೇಬೇಕು. ಮರೆವಿನ ಬಗ್ಗೆ ಯಾರು ಹೆಚ್ಚು ಚಿಂತೆ ಮಾಡುತ್ತಿದ್ದಾರೆ ಎಂಬುದೂ ಒಂದು ಸುಳಿವು. ಅವರೇ ಚಿಂತೆಯಿಂದ ವಿವರವಾಗಿ ಹೇಳಿಕೊಳ್ಳುತ್ತಿದ್ದು ಮನೆಯವರಿಗೆ ಏನೂ ಕಾಣದಿದ್ದರೆ ಹೆಚ್ಚಾಗಿ ಗಾಬರಿ ಬೇಡ. ಮನೆಯವರಿಗೆಲ್ಲ ಬದಲಾವಣೆ ಕಾಣುತ್ತಿದ್ದು ಅವರಿಗೆ ಮಾತ್ರ ಗೊತ್ತೇ ಇಲ್ಲದಿದ್ದರೆ ತಡಮಾಡಬಾರದು. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಏಕಾಏಕಿ ಗೊಂದಲ ಶುರುವಾದರೆ ಅದು ಸೋಂಕು, ಸೋಡಿಯಂ, ಪಾರ್ಶ್ವವಾಯು ಏನೂ ಆಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸಹಜ ಮರೆವು, ಡಿಮೆನ್ಶಿಯಾ ಇವೆರಡರ ನಡುವೆ ಒಂದು ಜಾಗ ಇದೆ. ಪರೀಕ್ಷೆಯಲ್ಲಿ ನೆನಪು ವಯಸ್ಸಿಗೆ ತಕ್ಕದ್ದಕ್ಕಿಂತ ಕಡಿಮೆ, ಆದರೆ ದಿನದ ಕೆಲಸ ನಡೆಯುತ್ತಿದೆ. ವೈದ್ಯರು ಇದನ್ನು ಎಂಸಿಐ (ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್) ಎನ್ನುತ್ತಾರೆ. ಇಲ್ಲಿರುವವರಲ್ಲಿ ಕೆಲವರಿಗೆ ಮುಂದೆ ಡಿಮೆನ್ಶಿಯಾ ಬರುತ್ತದೆ, ಹಲವರು ವರ್ಷಗಟ್ಟಲೆ ಹಾಗೇ ಇರುತ್ತಾರೆ, ಕೆಲವರು ಸಹಜ ಸ್ಥಿತಿಗೆ ಮರಳುತ್ತಾರೆ. ವರ್ಷಕ್ಕೊಮ್ಮೆ ನೋಡಿಸಿಕೊಳ್ಳುವುದು ಸಾಕಾಗಬಹುದು. ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೂ ಚಿಂತೆ ಹೋಗದಿದ್ದರೆ ಅದನ್ನೂ ಹಗುರವಾಗಿ ತಳ್ಳಿಹಾಕಬಾರದು. ಅಂಥವರಲ್ಲಿ ಮುಂದೆ ತೊಂದರೆಯಾಗುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಹೆಚ್ಚು.

ಮೊದಲ ಹೆಜ್ಜೆಗೆ ದೊಡ್ಡ ಖರ್ಚು ಬೇಕಿಲ್ಲ. ಮಂಗಳೂರಿನ ವೆನ್ಲಾಕ್, ಉಡುಪಿಯ ಜಿಲ್ಲಾ ಆಸ್ಪತ್ರೆ ಇವೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ಹಿರಿಯರ ಸಹಾಯವಾಣಿ 14567 ಎರಡಕ್ಕೂ ಉಚಿತವಾಗಿ ಫೋನ್ ಮಾಡಬಹುದು.

ಪರೀಕ್ಷೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಮ್ಮ ದೇಶದವರಿಗೆಂದೇ ನೆನಪಿನ ಪರೀಕ್ಷೆಗಳ ಒಂದು ಗುಚ್ಛವನ್ನು ಸಿದ್ಧಪಡಿಸಿದೆ. ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಈ ಐದು ಭಾಷೆಗಳಲ್ಲಿ ಅದು ಬಂತು. ಒಳ್ಳೆಯ ಕೆಲಸ. ಆದರೆ ತುಳು, ಕೊಂಕಣಿ, ಬ್ಯಾರಿ ಅದರಲ್ಲಿಲ್ಲ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ, ಶಾಲೆಯ ಮೆಟ್ಟಿಲು ಹತ್ತದ ತುಳು ಅಜ್ಜಿಗೆ “ಇದು ಯಾವ ತಿಂಗಳು?” ಎಂದು ಕೇಳಿದರೆ “ಆಟಿ” ಎನ್ನುತ್ತಾರೆ. ಅದು ಪೂರ್ತಿ ಸರಿಯಾದ ಉತ್ತರ. ಚೀಟಿಯಲ್ಲಿ ‘ಜುಲೈ’ ಅಥವಾ ‘ಆಗಸ್ಟ್’ ಎಂದಿದ್ದರೆ ಅಂಕ ಹೋಗುತ್ತದೆ. ಗಡಿಯಾರದ ಚಿತ್ರ ಬರೆಯಿರಿ ಎಂದರೆ, ಪೆನ್ಸಿಲ್ ಹಿಡಿದೇ ಗೊತ್ತಿಲ್ಲದವರು ಏನು ಮಾಡಬೇಕು? ಇಲ್ಲಿ ಇಷ್ಟು ವೈದ್ಯಕೀಯ ಕಾಲೇಜುಗಳಿವೆ. ಕರಾವಳಿಯ ಭಾಷೆಗಳಲ್ಲಿ, ಓದು ಬರಹ ಬಾರದವರಿಗೂ ಹೊಂದುವ ಪರೀಕ್ಷೆಗಳನ್ನು ಸಿದ್ಧಮಾಡುವ ಕೆಲಸ ಇಲ್ಲಿಂದಲೇ ಆಗಬೇಕು.

ಅಲ್ಲಿಯವರೆಗೆ, ವೈದ್ಯರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಆಯುರ್ವೇದದ ಮಾತ್ರೆ, ಶೀತಕ್ಕೆ ತಂದ ಮಾತ್ರೆ, ನಿದ್ದೆಮಾತ್ರೆ ಎಲ್ಲವೂ ಇರಲಿ. ಕನ್ನಡಕ, ಹಿಯರಿಂಗ್ ಏಡ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಅಜ್ಜಿಗೆ ಯಾವ ಭಾಷೆ ಸಲೀಸು, ಅವರು ಎಷ್ಟು ಓದಿದ್ದಾರೆ ಎಂಬುದನ್ನು ಶುರುವಿನಲ್ಲೇ ಹೇಳಿ. ಆಮೇಲೆ ನೀವು ಸುಮ್ಮನಿದ್ದು, ಅವರ ತೊಂದರೆ ಏನೆಂದು ಮೊದಲು ಅವರೇ ಹೇಳಲು ಬಿಡಿ.